ಈ ಮಂಗಳವಾರ ಯಾಕೆ ಬರಲಿಲ್ಲ?

ನಮ್ಮ ತಾಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ಮಂಗಳವಾರ ಒಂದು ಸಾಲು ನಿಲ್ಲುತ್ತದೆ. ಬೇರೆ ದಿನದ ಸಾಲಿನಂತಲ್ಲ ಅದು. ಜ್ವರ, ಕೆಮ್ಮಿನವರ ಸಾಲಿನಲ್ಲಿ ಗಲಾಟೆ ಇರುತ್ತದೆ, ನಾನು ಮೊದಲು ಬಂದೆ ಅಂತ ಜಗಳ ಇರುತ್ತದೆ. ಇಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಹೆಂಗಸರು ತಲೆ ಮೇಲೆ ಸೆರಗು ಎಳೆದುಕೊಂಡು ಕೂತಿರುತ್ತಾರೆ. ಪಕ್ಕದೂರಿನವರು ಯಾರಾದರೂ ಎದುರಾದರೆ, ಅವರು ಕೇಳುವ ಮೊದಲೇ "ಸುಮ್ನೆ ಬಿಪಿ ತೋರಿಸೋಣ ಅಂತ ಬಂದಿದ್ದೆ" ಅನ್ನುತ್ತಾರೆ.

ಅದು ಮಾನಸಿಕ ಕಾಯಿಲೆಯವರ ಸಾಲು. ಅವತ್ತು ಜಿಲ್ಲೆಯಿಂದ ಮನೋವೈದ್ಯರು ನಮ್ಮ ತಾಲೂಕಿಗೆ ಬರುತ್ತಾರೆ. ಸರ್ಕಾರ ಈ ಕಾರ್ಯಕ್ರಮಕ್ಕೆ ಮನೋಚೈತನ್ಯ ಅಂತ ಹೆಸರಿಟ್ಟಿದೆ. ಆಸ್ಪತ್ರೆಯವರು ಸೂಪರ್ ಟ್ಯೂಸ್‌ಡೇ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬರೀ "ಮಂಗಳವಾರ". ನಮ್ಮ ಚಿಕ್ಕಪ್ಪ ಸುಮಾರು ಹತ್ತು ವರ್ಷದಿಂದ ಆ ಸಾಲಿನಲ್ಲಿ ನಿಲ್ಲುತ್ತಿದ್ದಾರೆ. ಅವರಿಗೆ ಇರುವುದು ಸ್ಕಿಜೋಫ್ರೇನಿಯಾ, ಯಾರೂ ಆಡದ ಮಾತು ಕೇಳಿಸುವ, ಇಲ್ಲದ ಅನುಮಾನ ಬರುವ ಕಾಯಿಲೆ. ಈ ಪದ ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚನೆ ಮಾಡಿದೆ. ಕೊನೆಗೆ ಅವರನ್ನೇ ಕೇಳಿದೆ. "ಬರಿ, ಹೆಸರು ಮಾತ್ರ ಬೇಡ" ಅಂದರು. "ಊರಿನ ಹೆಸರೂ ಬೇಡ" ಅಂತ ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿ ಹೇಳಿದರು. ಹಾಗಾಗಿ ಎರಡೂ ಇಲ್ಲ.

ಮಾನಸಿಕ ಆರೋಗ್ಯದ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮನೋವೈದ್ಯರು ಕಡಿಮೆ, ಆಸ್ಪತ್ರೆ ಕಡಿಮೆ ಅನ್ನುತ್ತಾರೆ. ನಿಜ. ಆದರೆ ನಮ್ಮ ಮನೆಯಲ್ಲಿ ಇಪ್ಪತ್ತೇಳು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಚಿಕ್ಕಪ್ಪ ಪ್ರತಿ ಸಲ ಬಿದ್ದದ್ದು ಡಾಕ್ಟರ್ ಸಿಗದೆ ಅಲ್ಲ. ಡಾಕ್ಟರ್ ಸಿಕ್ಕಿ, ಔಷಧಿ ಸಿಕ್ಕಿ, ಹುಷಾರಾಗಿ, ಆಮೇಲೆ ಒಂದು ತಾರೀಖು ತಪ್ಪಿ, ಆ ತಪ್ಪಿದ ತಾರೀಖನ್ನು ಯಾರೂ ಗಮನಿಸದೆ ಹೋದದ್ದರಿಂದ.

ಶುರುವಾದದ್ದು 1998ರಲ್ಲಿ. ಆಗ ಅವರಿಗೆ ಇಪ್ಪತ್ತೆರಡು. ನಮ್ಮದು ತೆಂಗಿನ ಸೀಮೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗುತ್ತಿರುತ್ತದೆ, ಕೊಬ್ಬರಿಯಾದ ಮೇಲೆ ಸುಲಿದು, ಒಡೆದು, ತಿಪಟೂರು ಮಾರ್ಕೆಟ್ಟಿಗೆ ಹಾಕುವುದು. ಕಾಯಿ ಸುಲಿಯುವುದರಲ್ಲಿ ಚಿಕ್ಕಪ್ಪನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಒಂದು ದಿನ ಸುಲಿಯುತ್ತಿದ್ದವರು ಹಾಗೇ ನಿಲ್ಲಿಸಿ ಅಟ್ಟದ ಕಡೆ ನೋಡುತ್ತಾ ನಿಂತುಬಿಟ್ಟರಂತೆ. ಮೇಲೆ ಯಾರೋ ಕೂತು ನನ್ನ ವಿಷಯ ಮಾತಾಡುತ್ತಿದ್ದಾರೆ ಅಂದರಂತೆ. ಇಲಿ ಇರಬೇಕು ಬಿಡೋ ಅಂದಳು ಅಜ್ಜಿ. ಆಮೇಲೆ ಸ್ನಾನ ಬಿಟ್ಟರು. ರಾತ್ರಿಯೆಲ್ಲ ಹಿತ್ತಲಲ್ಲಿ ಓಡಾಟ. ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತ ಅನುಮಾನ. ನಾನಾಗ ಚಿಕ್ಕ ಮಗು. ಅಜ್ಜಿ ಒಂದು ತಟ್ಟೆಗೆ ಮುದ್ದೆ, ಸಾರು ಹಾಕಿ ನನ್ನನ್ನು ಅವರ ಪಕ್ಕ ಕೂರಿಸುತ್ತಿದ್ದಳು. ನಾನು ಒಂದು ತುತ್ತು ನುಂಗಿ ತೋರಿಸಿದ ಮೇಲೆ ಅದೇ ತಟ್ಟೆಯಿಂದ ಅವರು ಉಣ್ಣುತ್ತಿದ್ದರು. ಅದು ನನಗೆ ಆಟದ ಹಾಗಿತ್ತು. ಅವರು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ.

ಗಾಳಿ ಸೋಕಿದೆ ಅಂದರು ಊರಿನವರು. ತಾಯತ ಕಟ್ಟಿಸಿದ್ದಾಯಿತು, ಅಮಾವಾಸ್ಯೆಗೆ ದೇವಸ್ಥಾನದಲ್ಲಿ ಮಲಗಿಸಿದ್ದಾಯಿತು, ನಾಲ್ಕು ಮೇಕೆ ಮಾರಿದ್ದಾಯಿತು. ಇದನ್ನು ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ದೇವಸ್ಥಾನ ಮೂರು ಮೈಲಿ ದೂರದಲ್ಲಿತ್ತು. ಮನೋವೈದ್ಯರು ಬೆಂಗಳೂರಿನಲ್ಲಿದ್ದರು. ದೇವಸ್ಥಾನದಲ್ಲಿ ಯಾರೂ ಅಜ್ಜಿಯನ್ನು ಹೊರಗೆ ನಿಲ್ಲಿಸಲಿಲ್ಲ. ಕೂರಿಸಿ, ಊಟ ಹಾಕಿ, ಮಗ ಸರಿ ಹೋಗುತ್ತಾನೆ ಅಂತ ಧೈರ್ಯ ಹೇಳಿ ಕಳಿಸಿದರು. ಇವತ್ತಿಗೂ ಡಾಕ್ಟರ ಹತ್ತಿರ ಹೋಗುವ ಬೆಳಿಗ್ಗೆ ಅದೇ ದೇವರಿಗೆ ಕೈ ಮುಗಿದೇ ಹೊರಡುತ್ತೇವೆ. ಒಂದಕ್ಕೊಂದು ಅಡ್ಡ ಬಂದಿಲ್ಲ.

ಮುಂದಿನ ವರ್ಷ ಅಪ್ಪ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಐದರ ಬಸ್ಸಿಗೆ ಹೊರಟರೆ ಚೀಟಿ ಮಾಡಿಸಿ, ಕಾದು, ತೋರಿಸಿ, ಮಾತ್ರೆ ತಗೊಂಡು ಮನೆ ಮುಟ್ಟುವಾಗ ರಾತ್ರಿ ಹನ್ನೊಂದು. ಆದರೆ ಔಷಧಿ ಕೆಲಸ ಮಾಡಿತು. ಎರಡು ತಿಂಗಳಲ್ಲಿ ಚಿಕ್ಕಪ್ಪ ಮತ್ತೆ ಕಾಯಿ ಸುಲಿಯುತ್ತಿದ್ದರು. ಮಾತು ಕಡಿಮೆ, ಆದರೆ ನಿದ್ದೆ, ಊಟ, ಸ್ನಾನ ಎಲ್ಲ ಸರಿ. ಹೀಗಾದಾಗ ಯಾವ ಮನೆಯಲ್ಲಾದರೂ ಏನು ಅಂದುಕೊಳ್ಳುತ್ತಾರೋ ನಮ್ಮ ಮನೆಯಲ್ಲೂ ಅದನ್ನೇ ಅಂದುಕೊಂಡರು: ಹುಷಾರಾದನಲ್ಲ, ಇನ್ನು ಯಾಕೆ ಮಾತ್ರೆ? ಅದೂ ಅಲ್ಲದೆ ಆ ಮಾತ್ರೆಗಳಿಂದ ಕೈಕಾಲು ಬಿಗಿಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಕೈ ನಡುಗುತ್ತಿತ್ತು. ಒಂದು ಸಲ ಹೋಗಿ ಬಂದರೆ ಇಬ್ಬರ ಕೂಲಿ, ಬಸ್ ಚಾರ್ಜು ಎಲ್ಲ ಹೋಗುತ್ತಿತ್ತು.

ಆಮೇಲೆ ಮದುವೆ ಮಾಡಿದರು.

ಇದನ್ನು ಬರೆಯುವುದು ಕಷ್ಟ. ಮದುವೆಯಾದರೆ ಹುಡುಗ ಸರಿ ಹೋಗುತ್ತಾನೆ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ಮನೆಯವರು ಅದನ್ನು ನಂಬಿದರು. ಹುಡುಗಿ ಮನೆಯವರಿಗೆ ವಿಷಯ ಹೇಳಲಿಲ್ಲ. ಮಾತ್ರೆ ನುಂಗುವುದು ಯಾರ ಕಣ್ಣಿಗಾದರೂ ಬಿದ್ದರೆ ಕಷ್ಟ ಅಂತ ಮದುವೆಗೆ ಮೊದಲೇ ಅದನ್ನೂ ನಿಲ್ಲಿಸಿದರು. ಐದು ತಿಂಗಳಾಗುವಷ್ಟರಲ್ಲಿ ಅಟ್ಟದ ಮಾತು ಮತ್ತೆ ಶುರುವಾಯಿತು. ಹತ್ತೊಂಬತ್ತು ವರ್ಷದ ಚಿಕ್ಕಮ್ಮನಿಗೆ ಏನಾಗುತ್ತಿದೆ ಅಂತಲೇ ಗೊತ್ತಿರಲಿಲ್ಲ. ಈ ಸಲ ಹಿಂದಿನ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದರು. ನಾವು ಮಕ್ಕಳು ಆ ಕಡೆ ಹೋಗುವ ಹಾಗಿರಲಿಲ್ಲ. ಚಿಕ್ಕಮ್ಮ ಕಿಟಕಿಯಿಂದ ಊಟ ಕೊಡುತ್ತಿದ್ದರು.

2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾದ ಸುತ್ತ ಇದ್ದ ಖಾಸಗಿ ಗುಡಿಸಲುಗಳಲ್ಲಿ ಮಾನಸಿಕ ಕಾಯಿಲೆಯವರನ್ನು ಸರಪಳಿ ಹಾಕಿ ಇಟ್ಟಿದ್ದರು. ಓಡಲಿಕ್ಕಾಗದೆ 28 ಜನ ಸತ್ತರು. ಅಪ್ಪ ಪೇಪರಿನಲ್ಲಿ ಓದಿದರು. ಏನೂ ಮಾತಾಡಲಿಲ್ಲ. ಎದ್ದು ಹೋಗಿ ಹಿಂದಿನ ಕೋಣೆಯ ಚಿಲಕ ಕಿತ್ತು ತಂದು ಜಗಲಿ ಮೇಲೆ ಇಟ್ಟರು. ಮರುದಿನ ಮತ್ತೆ ಐದರ ಬಸ್ಸು.

ಆಮೇಲಿನ ಹದಿನಾಲ್ಕು ವರ್ಷ ಹೀಗೇ. ಬೆಂಗಳೂರು, ಮಾತ್ರೆ, ಹುಷಾರು, ಯಾವುದೋ ಒಂದು ತಾರೀಖಿಗೆ ಹೋಗಲಾಗದೆ ನಿಂತು ಹೋಗುವುದು, ಮತ್ತೆ ಕಾಯಿಲೆ. ಒಂದು ಸಲ ಕೊಯ್ಲು, ಒಂದು ಸಲ ಅಜ್ಜಿಯ ಕಾಲು ಮುರಿದದ್ದು, ಒಂದು ಸಲ ಕೈಯಲ್ಲಿ ದುಡ್ಡಿಲ್ಲ. ದೊಡ್ಡಾಸ್ಪತ್ರೆಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ ಅಂತ ನೋಡಿದವರಿಗೆ ಗೊತ್ತು. ನಮ್ಮೂರಿನ ಒಬ್ಬರು ಬರಲಿಲ್ಲ ಅಂತ ಅಲ್ಲಿ ಯಾರು ಗಮನಿಸಲಿಕ್ಕೆ ಸಾಧ್ಯ? ಅದು ಅವರ ತಪ್ಪಲ್ಲ. ಆದರೆ ಯಾರಾದರೂ ಗಮನಿಸಬೇಕಿತ್ತು ಅಲ್ವಾ?

ನನಗೆ ದೊಡ್ಡವರಾದ ಮೇಲೆ ಗೊತ್ತಾದ ಒಂದು ವಿಷಯ ಇದೆ, ಅದು ಗೊತ್ತಾದ ದಿನ ನಿದ್ದೆ ಬರಲಿಲ್ಲ. ಈ ಸಮಸ್ಯೆಗೆ ಒಂದು ದಾರಿಯನ್ನು ನಮ್ಮ ಕರ್ನಾಟಕದಲ್ಲೇ, ಚಿಕ್ಕಪ್ಪನಿಗೆ ಕಾಯಿಲೆ ಬರುವ ಹದಿಮೂರು ವರ್ಷ ಮೊದಲೇ ಮಾಡಿ ತೋರಿಸಿದ್ದರು. ಬಳ್ಳಾರಿಯಲ್ಲಿ.

ಕಥೆ ಅದಕ್ಕಿಂತ ಸ್ವಲ್ಪ ಹಿಂದಿನದು. 1970ರ ದಶಕದಲ್ಲೇ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಬನ್ನೇರುಘಟ್ಟದ ಹತ್ತಿರ ಸಕಲವಾರದಲ್ಲಿ ಒಂದು ಗ್ರಾಮೀಣ ಕೇಂದ್ರ ಇಟ್ಟುಕೊಂಡು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ, ಸಾಮಾನ್ಯ ಡಾಕ್ಟರುಗಳಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸುತ್ತಿದ್ದರು. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕಾಗದದ ಮೇಲೆ ಚೆನ್ನಾಗಿತ್ತು, ಒಂದು ಇಡೀ ಜಿಲ್ಲೆಯಲ್ಲಿ ನಡೆಯುತ್ತದಾ ಅಂತ ನೋಡಬೇಕಿತ್ತು. 1985ರಲ್ಲಿ ಬಳ್ಳಾರಿಯನ್ನು ಆರಿಸಿಕೊಂಡರು. ಹೊಸಪೇಟೆ, ಹೂವಿನಹಡಗಲಿ ಎಲ್ಲ ಸೇರಿದ್ದ ಆಗಿನ ದೊಡ್ಡ ಬಳ್ಳಾರಿ ಜಿಲ್ಲೆ, ಸುಮಾರು 15 ಲಕ್ಷ ಜನ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಕಾರ್ಯಕರ್ತರಿಗೆ ಲಕ್ಷಣ ಹೇಳಿಕೊಟ್ಟರು. ಮೂರ್ಛೆ ರೋಗವನ್ನೂ ಸೇರಿಸಿಕೊಂಡರು. ಬೆರಳೆಣಿಕೆಯ ಔಷಧಿಗಳನ್ನು ಹಳ್ಳಿಯ ಆಸ್ಪತ್ರೆಯಲ್ಲೇ ಇಟ್ಟರು. ಕಷ್ಟದ ಕೇಸು ಮಾತ್ರ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ. ಬಂದವರ ಲೆಕ್ಕ ಒಂದು ಸರಳ ಪುಸ್ತಕದಲ್ಲಿ. 1990ರವರೆಗೆ ನಡೆಸಿ ನೋಡಿದರು, ನಡೆಯಿತು. ಅದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಈಗ ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಅದು ಇದೆ. ಚಿಕ್ಕಪ್ಪ ನಿಲ್ಲುವ ಮಂಗಳವಾರದ ಸಾಲೂ ಅದರ ಮೊಮ್ಮಗುವೇ.

ಆದರೆ ಬಳ್ಳಾರಿಯಿಂದ ನಮ್ಮ ತಾಲೂಕಿಗೆ ಬರುವಷ್ಟರಲ್ಲಿ ಒಂದು ತುಂಡು ದಾರಿಯಲ್ಲೇ ಉಳಿದುಬಿಟ್ಟಿತು ಅಂತ ನನಗೆ ಅನ್ನಿಸುತ್ತದೆ. ಮನೋವೈದ್ಯರು ಬಂದರು, ಮಾತ್ರೆ ಬಂತು. ಮನೆಮನೆಗೆ ಹೋಗುವವರು, ಹಳ್ಳಿಯ ಆಸ್ಪತ್ರೆಯ ಡಾಕ್ಟರು, ಆ ಪುಸ್ತಕ, ಇವು ಸರಿಯಾಗಿ ಬರಲಿಲ್ಲ. ತಿಂಗಳಿಗೊಂದು ದಿನ ತಜ್ಞರು ಬಂದು ಹೋಗುವ ಕ್ಯಾಂಪಿನ ಹಾಗಾಯಿತು. ಆ ದಿನ ಹೋದರೆ ಉಂಟು, ಹೋಗದಿದ್ದರೆ ಇನ್ನು ಮುಂದಿನ ತಿಂಗಳೇ.

ಮನೆಗೆ ಹೋಗಿ ವಿಚಾರಿಸುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ತೀರ್ಥಹಳ್ಳಿ ಇದೆ. ಅಲ್ಲಿ ನಿಮ್ಹಾನ್ಸ್‌ನ ತಂಡ ಇಡೀ ತಾಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ವರ್ಷಗಟ್ಟಲೆ ಜೊತೆಗಿದ್ದು ನೋಡಿಕೊಂಡಿತು. ಎಷ್ಟೋ ವರ್ಷದಿಂದ ಕಾಯಿಲೆ ಇದ್ದೂ ಔಷಧಿಯನ್ನೇ ಕಾಣದವರು ಅವರಿಗೆ ಸಿಕ್ಕರು. ಚಿಕಿತ್ಸೆಯಲ್ಲಿದ್ದವರು ತಮ್ಮ ಕೆಲಸ ತಾವು ಮಾಡಿಕೊಳ್ಳುವುದರಲ್ಲಿ, ನಾಲ್ಕು ಜನರ ಜೊತೆ ಬೆರೆಯುವುದರಲ್ಲಿ ಚಿಕಿತ್ಸೆ ಸಿಗದವರಿಗಿಂತ ಎಷ್ಟೋ ವಾಸಿ ಇದ್ದರು. ಅದು ಮಲೆನಾಡು, ಆದರೆ ಅದೇ ಬಡತನ, ಅದೇ ಬಸ್ಸು. ವ್ಯತ್ಯಾಸ ಇಷ್ಟೇ, ಕಾಯಿಲೆಯವರು ಬರುವುದನ್ನು ಕಾಯದೆ ತಂಡದವರೇ ಹೋದರು.

ದೇಶದ ಲೆಕ್ಕವನ್ನೂ ಒಂದು ಮಾತಲ್ಲಿ ಹೇಳಿಬಿಡುತ್ತೇನೆ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಜಾಸ್ತಿ ಜನರಿಗೆ ಯಾವುದೋ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಚಿಕಿತ್ಸೆ ಸಿಗದವರು, ಕಾಯಿಲೆಗೆ ತಕ್ಕ ಹಾಗೆ, ಶೇಕಡಾ 70ರಿಂದ 92. ಎಂಥ ಲೆಕ್ಕ ನೋಡಿ. ನಮ್ಮ ಸಾಲಿನಲ್ಲಿ ಅವತ್ತು ಅರವತ್ತು ಜನ ಕೂತಿದ್ದರೆ, ಬರದೇ ಮನೆಯಲ್ಲಿ ಉಳಿದವರು ಎಷ್ಟು?

ಕಾನೂನು ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, 2018ರಿಂದ ಜಾರಿಯಲ್ಲಿದೆ. ಒಳ್ಳೆಯ ಕಾನೂನು. ಯಾರನ್ನೂ ಯಾವ ರೀತಿಯಲ್ಲೂ ಸರಪಳಿ ಹಾಕಿ ಕಟ್ಟುವಂತಿಲ್ಲ ಅನ್ನುತ್ತದೆ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಅಪರಾಧಿಯ ಹಾಗೆ ನೋಡಬೇಡಿ, ಅವರು ತೀವ್ರ ಒತ್ತಡದಲ್ಲಿದ್ದಾರೆ ಅಂತ ತಿಳಿಯಿರಿ ಅನ್ನುತ್ತದೆ. ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕು ಅನ್ನುತ್ತದೆ. ಅದರ 18ನೇ ಸೆಕ್ಷನ್ನಿನಲ್ಲಿ ಅಗತ್ಯ ಔಷಧಿಗಳು ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು ಅಂತಲೂ ಇದೆ. ಆದರೆ ಎಲ್ಲಿಂದ? ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ. ಹೋಬಳಿ, ತಾಲೂಕು ಮಟ್ಟದ ಆ ದೊಡ್ಡ ಆಸ್ಪತ್ರೆಗಿಂತ ಕೆಳಗೆ, ಸುಮಾರು 30,000 ಜನಕ್ಕೊಂದರಂತೆ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರ ಆ ಸಾಲಿನಲ್ಲಿ ಇಲ್ಲ. ನಮ್ಮ ಮನೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರ ನಡೆದುಹೋಗುವಷ್ಟು ಹತ್ತಿರ. ತಾಲೂಕು ಆಸ್ಪತ್ರೆಗೆ ಎರಡು ಬಸ್ಸು. ಬಳ್ಳಾರಿಯಲ್ಲಿ ನಾಲ್ಕು ದಶಕದ ಹಿಂದೆ ಮಾತ್ರೆ ಸಿಕ್ಕಿದ ಜಾಗದಲ್ಲಿ ಈಗ ಸಿಗದೇ ಇರುವುದು ಯಾಕೆ ಅನ್ನುವ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಮಾತ್ರೆ ಸಿಗದಿದ್ದರೆ ಏನಾಗುತ್ತದೆ ಅಂತ ಒಂದು ಸಲದ್ದು ಹೇಳುತ್ತೇನೆ. ಚಿಕ್ಕಪ್ಪನಿಗೆ ಮುಖ್ಯ ಮಾತ್ರೆಯ ಜೊತೆ ಕೈ ನಡುಕಕ್ಕೆ ಅಂತ ಇನ್ನೊಂದು ಚಿಕ್ಕ ಬಿಳಿ ಮಾತ್ರೆ ಕೊಡುತ್ತಾರೆ. ಒಂದು ಮಂಗಳವಾರ ಅದು ಸ್ಟಾಕ್ ಇಲ್ಲ ಅಂದರು. ಮುಂದಿನ ತಿಂಗಳೂ ಇಲ್ಲ. ಅಗ್ಗದ ಮಾತ್ರೆ ಅದು, ಹೊರಗೆ ತಗೊಳ್ಳಿ ಅಂತ ಯಾರೂ ಚೀಟಿ ಬರೆದುಕೊಡಲೂ ಇಲ್ಲ. ಚಿಕ್ಕಪ್ಪನ ಕೈ ನಡುಗಲಿಕ್ಕೆ ಶುರುವಾಯಿತು. ಕಾಫಿ ಲೋಟ ಹಿಡಿದರೆ ಅರ್ಧ ಮೈಮೇಲೆ. ಸುಲಿಯಲಿಕ್ಕೆ ಅಂತ ಕಾಯಿ ಎತ್ತಿದರೆ ಕಬ್ಬಿಣದ ಮೊನೆ ತಪ್ಪಿ ಅಂಗೈಗೆ ತಗುಲಿತು. "ಈ ಮಾತ್ರೆ ನನ್ನ ಕೈ ತಿಂತು" ಅಂತ ಎಲ್ಲ ಮಾತ್ರೆಯನ್ನೂ ತಿಪ್ಪೆಗೆ ಎಸೆದರು. ಮೂರು ವಾರಕ್ಕೆ ನಿದ್ದೆ ಹೋಯಿತು. ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಗೊತ್ತು, ಮೊದಲು ಹೋಗುವುದು ನಿದ್ದೆ. ಅಲ್ಲಿಂದ ಅಟ್ಟದ ಮಾತಿಗೆ ಹೆಚ್ಚು ದಿನ ಬೇಕಾಗುವುದಿಲ್ಲ.

ಆಗ ಮನೆಗೆ ಬಂದವರು ಆಶಾ ಅಕ್ಕ, ನಮ್ಮೂರಿನ ಆರೋಗ್ಯ ಕಾರ್ಯಕರ್ತೆ. ಅವರಿಗೆ ಯಾರೂ ಹೇಳಿರಲಿಲ್ಲ. ಪಕ್ಕದ ಮನೆಯ ಬಸುರಿಯನ್ನು ನೋಡಲಿಕ್ಕೆ ಬಂದವರು ಹಿತ್ತಲಲ್ಲಿ ಚಿಕ್ಕಪ್ಪ ಒಬ್ಬರೇ ಮಾತಾಡಿಕೊಳ್ಳುತ್ತಿದ್ದದ್ದನ್ನು ನೋಡಿ ಒಳಗೆ ಬಂದರು. "ಅಣ್ಣ, ಈ ಮಂಗಳವಾರ ಯಾಕೆ ಬರಲಿಲ್ಲ?" ಅಂದರು. ಇಷ್ಟೇ ಪ್ರಶ್ನೆ. ಅಷ್ಟು ವರ್ಷದಲ್ಲಿ ಮನೆಯವರನ್ನು ಬಿಟ್ಟು ಹೊರಗಿನವರೊಬ್ಬರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಚಿಕ್ಕಪ್ಪ ಕೈ ಮುಂದೆ ಚಾಚಿ ತೋರಿಸಿದರು, ಅಂಗೈ ಗಾಯ, ನಡುಗುವ ಬೆರಳು. ಅಕ್ಕ ಅಲ್ಲೇ ನಿಂತು ತಾಲೂಕು ಆಸ್ಪತ್ರೆಗೆ ಫೋನ್ ಮಾಡಿದರು. ಆ ವಾರವೇ ಚಿಕ್ಕಪ್ಪನಿಗೆ ತಿಂಗಳಿಗೊಮ್ಮೆ ಹಾಕಿಸುವ ಇಂಜೆಕ್ಷನ್ ಶುರುವಾಯಿತು. ದಿನಾ ಮಾತ್ರೆ ನುಂಗಲಾಗದವರಿಗೆ ಅದೊಂದು ವರ. ಒಮ್ಮೆ ಡಾಕ್ಟರು ಬರೆದುಕೊಟ್ಟರೆ ಹತ್ತಿರದ ನರ್ಸ್ ಹಾಕಬಹುದು.

2020ರ ಮಾರ್ಚಿನಲ್ಲಿ ಬಸ್ಸು ನಿಂತಾಗ ನಾವೆಲ್ಲ ಹೆದರಿದ್ದು ಕರೋನಾಕ್ಕಿಂತ ಜಾಸ್ತಿ ಚಿಕ್ಕಪ್ಪನ ಔಷಧಿಗೆ. ನಾನು ತುಮಕೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಆ ದಿನಗಳಲ್ಲಿ ಆಶಾ ಅಕ್ಕ ತಲೆಗೆ ಬಟ್ಟೆ ಸುತ್ತಿಕೊಂಡು, ಮಾಸ್ಕ್ ಹಾಕಿಕೊಂಡು, ಯಾರದೋ ಹಾಲಿನ ಗಾಡಿಯಲ್ಲಿ ತಾಲೂಕಿಗೆ ಹೋಗಿ ನಮ್ಮೂರಿನ ನಾಲ್ಕು ಮನೆಗೆ ಮಾತ್ರೆ ತಂದುಕೊಟ್ಟರು. ನಾಲ್ಕು ಮನೆ! ನಮ್ಮೂರಲ್ಲಿ ಇನ್ನೂ ಮೂರು ಮನೆ ಇದೆ ಅಂತ ನಮಗೆ ಗೊತ್ತಾದದ್ದೇ ಆಗ. ಅಷ್ಟು ವರ್ಷ ಪಕ್ಕಪಕ್ಕದಲ್ಲೇ ಇದ್ದು ಒಬ್ಬರಿಂದ ಒಬ್ಬರು ಮುಚ್ಚಿಟ್ಟಿದ್ದೆವು.

ಇದನ್ನೆಲ್ಲ ಮಾಡಲಿಕ್ಕೆ ಅವರಿಗೆ ಯಾರೂ ಹೇಳಿರಲಿಲ್ಲ, ಅದಕ್ಕೆ ಬೇರೆ ದುಡ್ಡೂ ಬಂದಿಲ್ಲ. ಆಶಾ ಕಾರ್ಯಕರ್ತೆಯರಿಗೆ ಬಸುರಿಯರ ಲೆಕ್ಕ, ಹೆರಿಗೆ, ಮಕ್ಕಳ ಚುಚ್ಚುಮದ್ದು, ಟಿಬಿ, ಡೆಂಗಿ ಸರ್ವೆ, ಆ ಆ್ಯಪ್, ಈ ಆ್ಯಪ್. ಗೌರವಧನ ಜಾಸ್ತಿ ಮಾಡಿ ಅಂತ 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದರು. ಹಾಗಿರುವಾಗ ಮಾನಸಿಕ ಆರೋಗ್ಯವನ್ನೂ ಆಶಾಗಳೇ ನೋಡಿಕೊಳ್ಳಲಿ ಅಂತ ಸುಲಭವಾಗಿ ಹೇಳಿಬಿಡಲು ನನಗೆ ಬಾಯಿ ಬರುವುದಿಲ್ಲ. ಮಾಡಲಿ, ಆದರೆ ತರಬೇತಿ ಕೊಡಿ, ಒಂದೊಂದು ಮನೆಭೇಟಿಗೂ ದುಡ್ಡು ಕೊಡಿ, ಬೇರೆ ಒಂದು ಕೆಲಸ ಇಳಿಸಿ.

ಟಿಬಿ ಅಂದೆನಲ್ಲ, ಅದನ್ನೇ ನೋಡಿ. ನಮ್ಮೂರಲ್ಲಿ ಒಬ್ಬರಿಗೆ ಟಿಬಿ ಇತ್ತು. ಮಾತ್ರೆ ತಪ್ಪಿದರೆ ಫೋನ್ ಬರುತ್ತಿತ್ತು, ಆಮೇಲೆ ಮನೆ ಬಾಗಿಲಿಗೆ ಬರುತ್ತಿದ್ದರು. ಮಗುವಿನ ಚುಚ್ಚುಮದ್ದಿಗೆ ತಾಯಿ ಕಾರ್ಡ್ ಇದೆ, ತಾರೀಖು ತಪ್ಪಿದರೆ ಹುಡುಕಿಕೊಂಡು ಬರುತ್ತಾರೆ. ಅಂದರೆ ತಪ್ಪಿದವರನ್ನು ಹುಡುಕುವುದು ಹೇಗೆ ಅಂತ ನಮ್ಮ ಆರೋಗ್ಯ ಇಲಾಖೆಗೆ ಚೆನ್ನಾಗಿ ಗೊತ್ತು. ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ. ಚಿಕ್ಕಪ್ಪನಂಥವರನ್ನು ಆ ಪಟ್ಟಿಗೆ ಸೇರಿಸಬೇಕು, ಐದಾರು ಔಷಧಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಬೀರುವಿನಲ್ಲಿ ಸದಾ ಇಡಬೇಕು, ಅಲ್ಲಿನ ಡಾಕ್ಟರಿಗೆ ಸಂದೇಹ ಬಂದರೆ ಜಿಲ್ಲೆಯ ಮನೋವೈದ್ಯರಿಗೆ ಫೋನ್ ಮಾಡಿ ಕೇಳುವ ಹಾಗಿರಬೇಕು.

2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಶುರುವಾಯಿತು, ನಂಬರ್ 14416. ದಿನದ ಯಾವ ಹೊತ್ತಿಗೆ ಬೇಕಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಒಂದು ರಾತ್ರಿ ಊರಿನಿಂದ ಚಿಕ್ಕಮ್ಮ ಅಳುತ್ತಾ ಫೋನ್ ಮಾಡಿದಾಗ ನಾನು ಆ ನಂಬರಿಗೆ ಮಾಡಿದೆ. ಆ ಕಡೆಯ ಹೆಣ್ಣುಮಗಳು ಅವಸರ ಮಾಡದೆ ಎಲ್ಲ ಕೇಳಿಸಿಕೊಂಡು, ಬೆಳಗಾಗುವ ತನಕ ಏನು ಮಾಡಬೇಕು, ಯಾವುದನ್ನು ದೂರ ಇಡಬೇಕು, ಅವರ ಜೊತೆ ಹೇಗೆ ಮಾತಾಡಬೇಕು ಅಂತ ಒಂದೊಂದಾಗಿ ಹೇಳಿದರು. ನಂಬರ್ ಬರೆದಿಟ್ಟುಕೊಳ್ಳಿ, ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಅದು ನಾವು ಮಾಡಬೇಕಾದ ಫೋನು. ಮಾಡದೇ ಇರುವವರ ಮನೆಗೆ ಯಾರಾದರೂ ನಡೆದೇ ಹೋಗಬೇಕು.

ಇಷ್ಟು ಹೊತ್ತು ಚಿಕ್ಕಪ್ಪನ ಬಗ್ಗೆಯೇ ಬರೆದೆ. ಎಲ್ಲರೂ ಹಾಗೇ ಮಾಡಿದ್ದು, ನಾನೂ ಕೂಡ. ಚಿಕ್ಕಮ್ಮನ ಕಡೆ ಯಾರೂ ನೋಡಲಿಲ್ಲ.

ಅವರಿಗೆ ಸುಮಾರು ಹದಿನೈದು ವರ್ಷದಿಂದ ತಲೆನೋವು. ಬೆನ್ನುನೋವು. ಎದೆಯಲ್ಲಿ ಏನೋ ಹಿಡಿದ ಹಾಗೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗಲೆಲ್ಲ ಒಂದು ಇಂಜೆಕ್ಷನ್, ಶಕ್ತಿಗೆ ಅಂತ ಬಿ ಕಾಂಪ್ಲೆಕ್ಸ್. ಏನಾಗುತ್ತೆ ಚಿಕ್ಕಮ್ಮ ಅಂತ ಕೇಳಿದರೆ "ಏನಿಲ್ಲ ಬಿಡು, ಯೋಚ್ನೆ ಜಾಸ್ತಿ" ಅನ್ನುತ್ತಿದ್ದರು. ಖಿನ್ನತೆ, ಆತಂಕ ಅನ್ನುವ ಪದಗಳು ನಮ್ಮ ಹಳ್ಳಿಯ ಹೆಂಗಸರ ಬಾಯಲ್ಲಿ ಬರುವುದಿಲ್ಲ. ಬರುವುದು ಇದೇ: ಮೈಕೈ ನೋವು, ನಿದ್ದೆ ಇಲ್ಲ, ಯೋಚ್ನೆ ಜಾಸ್ತಿ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಶೋನಾ ಭಾಷೆಯವರು ಇದಕ್ಕೆ ಕುಫುಂಗಿಸಿಸಾ ಅನ್ನುತ್ತಾರೆ. ಅರ್ಥ ಏನು ಗೊತ್ತಾ? ಯೋಚನೆ ಜಾಸ್ತಿಯಾಗುವುದು. ಓದಿದಾಗ ಮೈ ಜುಮ್ ಅಂದಿತು. ಅಲ್ಲಿ ಡಿಕ್ಸನ್ ಚಿಬಾಂಡಾ ಅನ್ನುವ ಮನೋವೈದ್ಯರು 2006ರಲ್ಲಿ ಹರಾರೆಯ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯ ಅಂಗಳದಲ್ಲಿ ಒಂದು ಬೆಂಚಿನ ಮೇಲೆ ಕೂರಿಸಿದರು. ಕಷ್ಟ ಇರುವವರು ಬಂದು ಪಕ್ಕದಲ್ಲಿ ಕೂತು ಮಾತಾಡುತ್ತಾರೆ, ಅಜ್ಜಿ ಕೇಳಿಸಿಕೊಂಡು ಒಂದೊಂದೇ ಸಮಸ್ಯೆಗೆ ದಾರಿ ಹುಡುಕಲು ಜೊತೆಯಾಗುತ್ತಾರೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರೀ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಈ ಬೆಂಚಿನಲ್ಲಿ ಕೂತವರು ಜಾಸ್ತಿ ಸುಧಾರಿಸಿದ್ದರು. ನಮ್ಮ ಪಕ್ಕದ ಗೋವಾದಲ್ಲೂ ಡಾಕ್ಟರಲ್ಲದ ಸ್ಥಳೀಯರಿಗೆ ಆಪ್ತಸಮಾಲೋಚನೆ ಕಲಿಸಿ ಸರ್ಕಾರಿ ಆಸ್ಪತ್ರೆಗಳಲ್ಲಿ ಒಳ್ಳೆಯ ಫಲ ಕಂಡಿದ್ದಾರೆ. ನಮ್ಮಲ್ಲಿ ಸಿ. ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಎಷ್ಟೋ ವರ್ಷದಿಂದ ಸರಳ ಕನ್ನಡದಲ್ಲಿ ಪುಸ್ತಕ ಬರೆಯುತ್ತಾ, ಸಾಮಾನ್ಯ ಜನರಿಗೆ ಆಪ್ತಸಮಾಲೋಚನೆ ಕಲಿಸುತ್ತಾ ಬಂದಿದ್ದಾರೆ. ಕೂತು ಕೇಳಿಸಿಕೊಳ್ಳುವವರು ನಮ್ಮಲ್ಲಿ ಇಲ್ಲದಿಲ್ಲ.

ಚಿಕ್ಕಪ್ಪ ಈಗ ಹೇಗಿದ್ದಾರೆ ಅಂತ ಕೇಳುತ್ತೀರಿ. ಪೂರ್ತಿ ವಾಸಿಯಾಗಿಲ್ಲ. "ಈ ಅಟ್ಟದ ಮಾತು ಈಗಲೂ ಕೇಳುತ್ತೆ, ಆದರೆ ಪಕ್ಕದ ಮನೆ ರೇಡಿಯೋ ಥರ, ನಮ್ಮ ಪಾಡಿಗೆ ನಾವು ಕೆಲಸ ಮಾಡ್ಕೋಬಹುದು" ಅನ್ನುತ್ತಾರೆ. ಬೆಳಿಗ್ಗೆ ಇನ್ನೂರು ಕಾಯಿ ಸುಲಿಯುತ್ತಾರೆ. ಮೊದಲಿನ ಅರ್ಧವೂ ಅಲ್ಲ ಅದು, ಆದರೂ ಅವರ ಕೂಲಿ ಅವರ ಜೇಬಿಗೆ. ಜಿಲ್ಲಾಸ್ಪತ್ರೆಗೆ ನಾಲ್ಕು ಸಲ ಓಡಾಡಿ ಅಂಗವಿಕಲರ ಕಾರ್ಡ್ ಆಯಿತು, ಪಿಂಚಣಿಯೂ ಬರುತ್ತದೆ. ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೆ ಅಂತ ಎಷ್ಟೋ ಮನೆಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳಿ.

ಹೋದ ತಿಂಗಳ ಮಂಗಳವಾರ ನಾನೂ ಜೊತೆಗೆ ಹೋಗಿದ್ದೆ. ಜಿಲ್ಲಾ ತಂಡದಲ್ಲಿ ಹೊಸದಾಗಿ ಬಂದ ಸೋಷಿಯಲ್ ವರ್ಕರ್ ಹುಡುಗಿ ಚಿಕ್ಕಪ್ಪನ ಪುಸ್ತಕದಲ್ಲಿ ನಿದ್ದೆ, ಊಟ, ಕೆಲಸ ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನ ಕಡೆ ತಿರುಗಿ "ಅಮ್ಮ, ನಿಮಗೆ ರಾತ್ರಿ ನಿದ್ದೆ ಬರುತ್ತಾ?" ಅಂದರು.

ಚಿಕ್ಕಮ್ಮ ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕೇಳಿದರು ಅಂದುಕೊಂಡು. ಹಿಂದೆ ಗೋಡೆ ಇತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ತುಂಬಾ ಹೊತ್ತು ಕೂತರು. ಆ ಹುಡುಗಿ ಅವಸರ ಮಾಡಲಿಲ್ಲ. ಹೊರಗೆ ಸಾಲು ಉದ್ದ ಇತ್ತು, ಆದರೂ ಕಾದರು. ಚಿಕ್ಕಪ್ಪ ಎದ್ದು, ಜೇಬಿನಿಂದ ಚಿಲ್ಲರೆ ತೆಗೆದು ಎಣಿಸಿ, ಓಪಿ ಚೀಟಿ ಮಾಡಿಸುವ ಕಿಟಕಿಯ ಕಡೆ ಹೋದರು. ಬರುವಾಗ ಕೈಯಲ್ಲಿ ಇನ್ನೊಂದು ಚೀಟಿ ಇತ್ತು, ಮೇಲೆ ಚಿಕ್ಕಮ್ಮನ ಹೆಸರು.